‘ಮೂರೇ ವರ್ಷ ತಾನೆ’ ಎನ್ನುವವರಿಗೆ

ನೀಟ್ ಪಿ.ಜಿ. ಫಲಿತಾಂಶ ಬಂದು ಕೌನ್ಸೆಲಿಂಗ್ ಶುರುವಾಯಿತೆಂದರೆ ಎಂ.ಬಿ.ಬಿ.ಎಸ್. ಮುಗಿಸಿದ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಉಪದೇಶ ಕೇಳಿಸುತ್ತದೆ. ‘ಸೀಟು ಸಿಕ್ಕಿದೆಯಲ್ಲ, ಸುಮ್ಮನೆ ಸೇರಿಕೊ. ಕಾಲೇಜು ಹೇಗಿದ್ದರೇನು? ಮೂರೇ ವರ್ಷ ತಾನೆ, ಹಲ್ಲು ಕಚ್ಚಿಕೊಂಡು ಕಳೆದುಬಿಡು. ನಾಳೆ ಬೋರ್ಡಿನ ಮೇಲೆ ಎಂ.ಡಿ. ಅಂತ ಬರೆಸುತ್ತೀಯೇ ಹೊರತು ಕಾಲೇಜಿನ ಹೆಸರು ಬರೆಸುತ್ತೀಯಾ?’ ಅಪ್ಪ ಹೇಳುತ್ತಾರೆ, ಸೋದರಮಾವ ಹೇಳುತ್ತಾರೆ, ಕೋಚಿಂಗ್ ಸೆಂಟರಿನವರು ಹೇಳುತ್ತಾರೆ, ಮೂವತ್ತು ವರ್ಷ ಪ್ರಾಕ್ಟೀಸು ಮಾಡಿದ ಹಿರಿಯ ಡಾಕ್ಟರುಗಳೂ ಹೇಳುತ್ತಾರೆ. ಸಿಕ್ಕಿರುವ ವಿಭಾಗದ ಬಗ್ಗೆ ಕೆಟ್ಟ ಸುದ್ದಿ ಕೇಳಿ ಹುಡುಗಿ ಹಿಂದೆಮುಂದೆ ನೋಡಿದರೆ ‘ಎಲ್ಲ ಕಡೆ ಇದ್ದದ್ದೇ’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಎಲ್ಲ ಕಡೆ ಇದ್ದದ್ದಲ್ಲ. ಈ ಉಪದೇಶ ಮಕ್ಕಳಿಗೂ ಕೆಡುಕು, ನಾಳೆ ಅವರ ಕೈಗೆ ಬೀಳುವ ರೋಗಿಗೂ ಕೆಡುಕು.

ಆ ಪಕ್ಷದ ಮಾತನ್ನು ಮೊದಲು ನ್ಯಾಯವಾಗಿ ಕೇಳಬೇಕು. ನೀಟ್ ಪಿ.ಜಿ. ಬರೆಯುವವರು ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು. ದೇಶದ ಒಟ್ಟು ಪಿ.ಜಿ. ಸೀಟುಗಳು ಅದರ ಅರ್ಧಕ್ಕಿಂತ ಕಡಿಮೆ. ಅದರಲ್ಲಿ ಅನಾಟಮಿ, ಬಯೋಕೆಮಿಸ್ಟ್ರಿಯಂಥ ನಾನ್‌-ಕ್ಲಿನಿಕಲ್ ಸೀಟುಗಳನ್ನು ಕಳೆಯಿರಿ. ಮಧ್ಯಮ ವರ್ಗ ತಲೆಯೆತ್ತಿಯೂ ನೋಡಲಾಗದ ಶುಲ್ಕದ ಮ್ಯಾನೇಜ್‌ಮೆಂಟ್ ಸೀಟುಗಳನ್ನು ಕಳೆಯಿರಿ. ಉಳಿದಷ್ಟಕ್ಕೆ ಕಿತ್ತಾಟ. ಡ್ರಾಪ್ ತೆಗೆದುಕೊಂಡರೆ ಮುಂದಿನ ವರ್ಷ ರ‍್ಯಾಂಕು ಮೇಲೆ ಬರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಅಷ್ಟರಲ್ಲಿ ವಯಸ್ಸು ಇಪ್ಪತ್ತೇಳಾಗಿರುತ್ತದೆ, ಹೆಣ್ಣುಮಗಳಾದರೆ ಮದುವೆಯ ಮಾತು ಶುರುವಾಗಿರುತ್ತದೆ, ಬ್ಯಾಂಕಿನ ಸಾಲದ ಕಂತು ಬಾಗಿಲಲ್ಲಿ ನಿಂತಿರುತ್ತದೆ. ಇದ್ಯಾವುದೂ ಸುಳ್ಳಲ್ಲ.

ಸುಳ್ಳಿರುವುದು ಲೆಕ್ಕದಲ್ಲಿ. ಸೀಟು ಬಿಟ್ಟರೆ ಆಗುವ ನಷ್ಟವನ್ನು ಮನೆಯವರು ಪೈಸೆಪೈಸೆಗೆ ಕೂಡಿಸುತ್ತಾರೆ. ಸೇರಿದರೆ ಆಗಬಹುದಾದ ನಷ್ಟದ ಎದುರಿಗೆ ಸೊನ್ನೆ ಬರೆಯುತ್ತಾರೆ. ಅದು ಸೊನ್ನೆಯಲ್ಲ ಎಂಬುದಕ್ಕೆ ಸರ್ಕಾರದ್ದೇ ಅಂಕಿಯಿದೆ. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಕೊಟ್ಟ ಉತ್ತರದ ಪ್ರಕಾರ ಐದು ವರ್ಷಗಳಲ್ಲಿ ಓದನ್ನು ಅರ್ಧಕ್ಕೆ ಬಿಟ್ಟ ವೈದ್ಯಕೀಯ ವಿದ್ಯಾರ್ಥಿಗಳು 1,166. ಅವರಲ್ಲಿ ಎಂ.ಬಿ.ಬಿ.ಎಸ್. ಬಿಟ್ಟವರು 160, ಪಿ.ಜಿ. ಬಿಟ್ಟವರು 1,006. ಎಂ.ಬಿ.ಬಿ.ಎಸ್. ಓದುವವರ ಸಂಖ್ಯೆ ಪಿ.ಜಿ.ಯವರದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಎಂಬುದನ್ನು ನೆನಪಿಟ್ಟುಕೊಂಡು ಇದನ್ನು ಇನ್ನೊಮ್ಮೆ ಓದಿ. ಹಗಲುರಾತ್ರಿ ಓದಿ, ಲಕ್ಷಾಂತರ ಜನರನ್ನು ಹಿಂದಿಕ್ಕಿ ಗಿಟ್ಟಿಸಿದ ಸೀಟನ್ನು ಸಾವಿರ ಜನ ಬಿಟ್ಟು ಬಂದಿದ್ದಾರೆ. ಅದೇ ಐದು ವರ್ಷಗಳಲ್ಲಿ ಆತ್ಮಹತ್ಯೆ ಮಾಡಿಕೊಂಡವರು 119 ಮಂದಿ, ಅವರಲ್ಲಿ 55 ಜನ ಪಿ.ಜಿ.ಯವರು. ಆಯೋಗವೇ ನೇಮಿಸಿದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯಲ್ಲಿ ಉತ್ತರಿಸಿದ ಪಿ.ಜಿ.ಗಳಲ್ಲಿ ನೂರಕ್ಕೆ 31 ಮಂದಿ ಸಾಯುವ ಯೋಚನೆ ಬಂದಿತ್ತು ಎಂದಿದ್ದಾರೆ, ಅರ್ಧಕ್ಕಿಂತ ಹೆಚ್ಚು ಜನ ವಾರದ ರಜೆ ಸರಿಯಾಗಿ ಸಿಗುವುದಿಲ್ಲ ಎಂದಿದ್ದಾರೆ. ‘ಈ ಕಾಲದ ಮಕ್ಕಳಿಗೆ ಗಟ್ಟಿತನವಿಲ್ಲ’ ಎಂದು ಇದನ್ನು ತಳ್ಳಿಹಾಕುವವರು ನನ್ನ ಓರಗೆಯವರಲ್ಲೇ ಬೇಕಾದಷ್ಟಿದ್ದಾರೆ. ಗಟ್ಟಿತನವಿಲ್ಲದವರು ಎಂ.ಬಿ.ಬಿ.ಎಸ್. ಐದೂವರೆ ವರ್ಷ ದಾಟಿ ಇಲ್ಲಿಯವರೆಗೆ ಬರುವುದಿಲ್ಲ.

‘ಈಗ ಬಿಟ್ಟರೆ ಇನ್ನೆಂದೂ ಸಿಗದು’ ಎಂಬ ಹೆದರಿಕೆಯೂ ಅರ್ಧ ಸತ್ಯವೇ. 2021ರ ಸಾಲಿನ ಕೌನ್ಸೆಲಿಂಗ್ ಮುಗಿದಾಗ 1,456 ಪಿ.ಜಿ. ಸೀಟುಗಳು ಖಾಲಿ ಉಳಿದು ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅರ್ಹತೆಯ ಗೆರೆಯನ್ನೇ ಸೊನ್ನೆ ಪರ್ಸೆಂಟೈಲಿಗೆ ಇಳಿಸಿತು, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಖಾಲಿ ಉಳಿಯುವುದು ಹೆಚ್ಚಾಗಿ ನಾನ್‌-ಕ್ಲಿನಿಕಲ್ ಸೀಟುಗಳು ಮತ್ತು ದುಬಾರಿ ಸೀಟುಗಳು, ನಿಜ. ಆದರೂ ಸೀಟು ಅಂದರೆ ಬಂಗಾರ, ಬೀದಿಯಲ್ಲಿ ಬಿದ್ದಿರುವುದಿಲ್ಲ ಎಂಬ ಭಾಷಣವನ್ನು ನಂಬುವ ಮೊದಲು ಈ ಎರಡು ವರ್ಷಗಳನ್ನು ನೆನೆಯಬೇಕು.

ಈಗ ಹಿರಿಯರ ದೊಡ್ಡ ವಾದಕ್ಕೆ ಬರೋಣ. ‘ನಾವೂ ಪಟ್ಟಿದ್ದೇವೆ. ರಾತ್ರಿಯೆಲ್ಲ ನಿಂತಿದ್ದಕ್ಕೇ ಕೆಲಸ ಕಲಿತದ್ದು.’ ಕೆಲಸ ಹೆಚ್ಚಿದ್ದಲ್ಲಿ ಕಲಿಕೆ ಹೆಚ್ಚು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಹುಬ್ಬಳ್ಳಿಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಬೆಂಗಳೂರಿನ ವಿಕ್ಟೋರಿಯಾದಲ್ಲೋ ಒಂದು ಅಡ್ಮಿಷನ್ ದಿನದಲ್ಲಿ ಕಾಣುವಷ್ಟು ರೋಗವನ್ನು ಕೆಲವು ಕಾಲೇಜುಗಳಲ್ಲಿ ಒಂದು ತಿಂಗಳಲ್ಲೂ ಕಾಣಲಾಗದು. ಆದರೆ ಆ ದಣಿವಿನಲ್ಲಿ ಕಲಿಕೆಯ ಪಾಲೆಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಮೆಡಿಸಿನ್ ವಿಭಾಗದ ಮೊದಲ ವರ್ಷದ ಪಿ.ಜಿ.ಯ ಒಂದು ಡ್ಯೂಟಿ ತೆಗೆದುಕೊಳ್ಳಿ. ಬೆಳಗ್ಗೆ ಎಂಟಕ್ಕೆ ಕ್ಯಾಶುಯಲ್ಟಿಗೆ ಬಂದವನು ರಕ್ತ ತಾನೇ ಎಳೆಯುತ್ತಾನೆ, ಟ್ಯೂಬಿನ ಮೇಲೆ ಹೆಸರು ತಾನೇ ಬರೆಯುತ್ತಾನೆ, ವಾರ್ಡ್ ಬಾಯ್ ಇಲ್ಲದ್ದರಿಂದ ಲ್ಯಾಬಿಗೆ ತಾನೇ ಒಯ್ಯುತ್ತಾನೆ. ರಿಪೋರ್ಟಿಗೆ ಮತ್ತೆ ತಾನೇ ಹೋಗುತ್ತಾನೆ. ಸಿ.ಟಿ. ಸ್ಕ್ಯಾನಿಗೆ ಟ್ರಾಲಿ ತಳ್ಳುತ್ತಾನೆ. ಆಯುಷ್ಮಾನ್ ಅನುಮೋದನೆಗೆ ಕಾಗದಪತ್ರ ಅಪ್‌ಲೋಡ್ ಮಾಡಲು ಕಂಪ್ಯೂಟರಿನೆದುರು ಕೂರುತ್ತಾನೆ. ರಕ್ತನಿಧಿಗೆ ಫೋನು ಮಾಡುತ್ತಾನೆ. ಬೆಳಗಿನ ಜಾವ ಮೂರಕ್ಕೆ ರೋಗಿಯ ಕಡೆಯವರು ‘ಡಾಕ್ಟ್ರೆಲ್ಲಿ’ ಎಂದು ಕೂಗಾಡಿದಾಗ ಎದುರಿಗೆ ನಿಲ್ಲುವವನೂ ಅವನೇ. ಏಳಕ್ಕೆ ಕೇಸ್ ಶೀಟು ತಿದ್ದಿ, ಒಂಬತ್ತಕ್ಕೆ ಚೀಫ್ ರೌಂಡ್ಸಿಗೆ ಬಂದಾಗ ನಿದ್ದೆಗಣ್ಣಿನಲ್ಲಿ ಪೊಟ್ಯಾಸಿಯಂ ಎಷ್ಟೆಂದು ತಡವರಿಸಿ, ಬೈಸಿಕೊಂಡು, ಮತ್ತೆ ಸಂಜೆಯವರೆಗೆ ಒ.ಪಿ.ಡಿ. ನಡೆಸುತ್ತಾನೆ. ಈ ಮೂವತ್ತಾರು ಗಂಟೆಯಲ್ಲಿ ವೈದ್ಯಶಾಸ್ತ್ರ ಕಲಿತದ್ದು ಎಷ್ಟು ಗಂಟೆ? ನಾನು ಉದಾರವಾಗಿ ಹಾಕಿದರೂ ಆರರ ಮೇಲೆ ಹೋಗುವುದಿಲ್ಲ. ಉಳಿದದ್ದು ಖಾಲಿಬಿದ್ದ ವಾರ್ಡ್ ಬಾಯ್, ಗುಮಾಸ್ತ, ಟೆಕ್ನಿಷಿಯನ್ ಹುದ್ದೆಗಳನ್ನು ಪಿ.ಜಿ.ಯ ಬೆನ್ನಿಗೆ ಕಟ್ಟಿದ್ದು.

ಇದಕ್ಕೆ ನಿಯಮವಿಲ್ಲವೆಂದಲ್ಲ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯಲ್ಲೇ ಒಂದೇ ಸಮನೆ ಸಾಮಾನ್ಯವಾಗಿ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದಿದೆ. 2023ರ ಕೊನೆಯಲ್ಲಿ ಬಂದ ಆಯೋಗದ ಹೊಸ ಪಿ.ಜಿ. ನಿಯಮಾವಳಿ ಗಂಟೆಯ ಲೆಕ್ಕವನ್ನೇ ಕೈಬಿಟ್ಟು ‘ಸಮಂಜಸವಾದ’ ದುಡಿಮೆಯ ಅವಧಿ ಎಂದು ಬರೆದು ಕೈತೊಳೆದುಕೊಂಡಿತು. ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ, ವಾರಕ್ಕೊಂದು ರಜೆ ಎಂದು ಅದರಲ್ಲೇ ಇದೆ. ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. 48ರಿಂದ 74ಕ್ಕೆ ಬಂದದ್ದೇ ಸುಧಾರಣೆ ಎನ್ನಬೇಕಾದ ಸ್ಥಿತಿ. ಅಮೆರಿಕದಲ್ಲಿ ವಾರಕ್ಕೆ 80 ಗಂಟೆಯ ಮಿತಿ 2003ರಲ್ಲಿ ದೇಶಕ್ಕೆಲ್ಲ ಬಂತು. ಅದರ ಬೇರು 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ 18 ವರ್ಷದ ಲಿಬ್ಬಿ ಜಯನ್ ಪ್ರಕರಣದಲ್ಲಿದೆ. ಅಲ್ಲಿ ನಿಯಮ ಬದಲಾದದ್ದು ಸತ್ತ ರೋಗಿಯ ತಂದೆ ‘ದಣಿದ ಡಾಕ್ಟರ ಕೈಗೆ ನನ್ನ ಮಗಳನ್ನು ಯಾಕೆ ಕೊಟ್ಟಿರಿ’ ಎಂದು ಆಸ್ಪತ್ರೆಯನ್ನು ಹಿಡಿದು ಕೇಳಿದ್ದರಿಂದ. ನಮ್ಮಲ್ಲಿ ರೋಗಿಯ ಕಡೆಯವರು ಆ ದಣಿದ ಡಾಕ್ಟರನ್ನೇ ಹಿಡಿದು ಬಡಿಯುತ್ತಾರೆ.

ಕಷ್ಟಕ್ಕೂ ಹಿಂಸೆಗೂ ಗೆರೆಯಿದೆ, ಅದನ್ನು ಅಳಿಸಿಹಾಕುವುದೇ ‘ನಾವೂ ಪಟ್ಟಿದ್ದೇವೆ’ ಎನ್ನುವವರ ಜಾಣತನ. ಒ.ಟಿ.ಯಲ್ಲಿ ರೇಗಿದ ಪ್ರೊಫೆಸರು ಮುಂದಿನ ಕೇಸಿನಲ್ಲಿ ಚಾಕು ನಿಮ್ಮ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತರೆ ಅಲ್ಲಿ ಮೂರು ವರ್ಷ ಏನು, ಐದು ವರ್ಷ ಇರಿ. ಸೀನಿಯರುಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರು ಹಿಡಿದು ಅವಮಾನಿಸುವುದು, ಥೀಸಿಸ್ಸಿಗೆ ಸಹಿ ಹಾಕುವುದಿಲ್ಲವೆಂದು ಬೆದರಿಸುವುದು, ಹೆರಿಗೆ ಕೋಣೆಗೆ ಕಾಲಿಡಲು ಬಿಡದೆ ತಿಂಗಳುಗಟ್ಟಲೆ ಬರೀ ಕಾಗದ ಬರೆಸುವುದು ಕಲಿಸುವ ಕ್ರಮವಲ್ಲ. ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗದ ಪಿ.ಜಿ.ಯಾಗಿದ್ದ ಆದಿವಾಸಿ ಸಮುದಾಯದ ಪಾಯಲ್ ತಡ್ವಿ 2019ರ ಮೇ 22ರಂದು ಪ್ರಾಣ ಕಳೆದುಕೊಂಡರು. ಜಾತಿ ಹಿಡಿದು ಹೀಯಾಳಿಸಿದರು, ಕೆಲಸ ಕಲಿಯಲು ಬಿಡಲಿಲ್ಲ ಎಂಬ ಆರೋಪ ಮೂವರು ಸೀನಿಯರುಗಳ ಮೇಲೆ ಬಂತು, ಮೊಕದ್ದಮೆಯಾಯಿತು. ಪಾಯಲ್ ಅವರ ತಾಯಿ ಅಬೇದಾ ತಡ್ವಿ ಅದೇ ವರ್ಷ, ಹೈದರಾಬಾದಿನಲ್ಲಿ ಹಾಗೆಯೇ ಪ್ರಾಣ ಕಳೆದುಕೊಂಡಿದ್ದ ವಿದ್ಯಾರ್ಥಿ ರೋಹಿತ್ ವೇಮುಲ ಅವರ ತಾಯಿಯ ಜೊತೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ‘ಅಡ್ಜಸ್ಟ್ ಮಾಡಿಕೊ’ ಎಂಬ ಉಪದೇಶ ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಪ್ರೊಫೆಸರರ ಊರಿನವನಿಗೆ, ಜಾತಿಯವನಿಗೆ, ಡಾಕ್ಟರ ಮಗನಿಗೆ ಅದು ಅಗ್ಗ. ಮನೆತನದಲ್ಲೇ ಮೊದಲ ಬಾರಿ ಡಾಕ್ಟರಾದವಳಿಗೆ ಬಹಳ ದುಬಾರಿ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ಪಿ.ಜಿ. ವೈದ್ಯೆ ಉದ್ದನೆಯ ಡ್ಯೂಟಿಯ ನಡುವೆ ವಿಶ್ರಾಂತಿಗೆಂದು ಸೆಮಿನಾರ್ ಹಾಲಿಗೆ ಹೋಗಿದ್ದವರು. ಆಮೇಲೆ ದೇಶವೆಲ್ಲ ಮೇಣದಬತ್ತಿ ಹಚ್ಚಿತು. ನಿಮ್ಮ ಮಗಳಿಗೆ ಸಿಕ್ಕಿರುವ ವಿಭಾಗದಲ್ಲಿ ಹೆಂಗಸರಿಗೆ ಒಳಗಿನಿಂದ ಚಿಲಕ ಹಾಕುವ ಡ್ಯೂಟಿ ರೂಮಿದೆಯೇ ಎಂದು ಸೇರುವ ಮೊದಲು ಕೇಳಿದ ತಂದೆಯನ್ನು ನಾನಂತೂ ಇನ್ನೂ ಕಂಡಿಲ್ಲ. ಹಾಸ್ಟೆಲಿನ ಊಟ ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ.

ಇಷ್ಟು ಹೇಳಿದರೆ ಜನ ಇನ್ನೊಂದು ತಪ್ಪಿಗೆ ಹಾರುತ್ತಾರೆ. ಜಗಳ ಬೇಡ, ಬಡಿದಾಟ ಬೇಡ, ತಣ್ಣಗಿರುವ ಖಾಸಗಿ ಕಾಲೇಜು ನೋಡೋಣ ಎನ್ನುತ್ತಾರೆ. ಹುಲ್ಲುಹಾಸು, ಗಾಜಿನ ಕಟ್ಟಡ, ಎ.ಸಿ. ಲೈಬ್ರರಿ, ಸಂಜೆ ಐದಕ್ಕೆ ಮನೆ. ನನ್ನ ಮಟ್ಟಿಗೆ ಅಪಾಯ ಹೆಚ್ಚಿರುವುದು ಇಲ್ಲೇ. ಬಡಿದಾಡಿಸುವ ವಿಭಾಗದ ಅಪಾಯ ಸೇರಿದ ವಾರದಲ್ಲೇ ಕಣ್ಣಿಗೆ ಬೀಳುತ್ತದೆ. ರೋಗಿಗಳಿಲ್ಲದ ಆಸ್ಪತ್ರೆಯ ಅಪಾಯ ಡಿಗ್ರಿ ಕೈಗೆ ಬಂದ ಮೇಲೆ, ಮೊದಲ ರೋಗಿಯ ಹೊಟ್ಟೆ ತೆರೆದ ಮೇಲೆ ಗೊತ್ತಾಗುತ್ತದೆ.

ಎಂ.ಎಸ್. ಜನರಲ್ ಸರ್ಜರಿ ಪರೀಕ್ಷೆಗೆ ನಾನು ಹೊರಗಿನ ಪರೀಕ್ಷಕನಾಗಿ ಹೋಗಿದ್ದ ಒಂದು ಕಾಲೇಜಿನ ಸಂಗತಿ. ಸರ್ಜರಿ ಪಿ.ಜಿ.ಗಳ ಲಾಗ್ ಬುಕ್ಕಿನಲ್ಲಿ ಪ್ರತಿ ಆಪರೇಷನ್ ಎದುರಿಗೆ ಒಂದು ಸಂಕೇತವಿರುತ್ತದೆ. ಬರೀ ನಿಂತು ನೋಡಿದ್ದರೆ ‘ಓ’, ಸಹಾಯ ಮಾಡಿದ್ದರೆ ‘ಎ’, ಹಿರಿಯರ ಕಣ್ಣೆದುರು ತಾನು ಮಾಡಿದ್ದರೆ ‘ಪಿ.ಎ.’, ಸ್ವತಂತ್ರವಾಗಿ ಮಾಡಿದ್ದರೆ ‘ಪಿ.ಐ.’. ಅಂದು ಪರೀಕ್ಷೆಗೆ ಬಂದ ಒಬ್ಬ ಹುಡುಗನ ಪುಸ್ತಕದಲ್ಲಿ ಹರ್ನಿಯಾದ ಪುಟ ತುಂಬ ‘ಪಿ.ಐ.’. ಮೂರು ವರ್ಷದ ಬರಹ ಒಂದೇ ಪೆನ್ನಿನಲ್ಲಿ, ಒಂದೇ ಇಳಿಜಾರಿನಲ್ಲಿ, ಒಂದೂ ಕಾಟು ಹೊಡೆಯದೆ. ‘ಮೆಶ್ ಹಾಕುವಾಗ ಮೊದಲ ಹೊಲಿಗೆ ಎಲ್ಲಪ್ಪಾ?’ ಎಂದೆ. ‘ಪ್ಯೂಬಿಕ್ ಟ್ಯೂಬರ್ಕಲ್ ಸರ್’ ಎಂದು ಥಟ್ಟನೆ ಹೇಳಿದ. ಪುಸ್ತಕ ಚೆನ್ನಾಗಿ ಓದಿದ್ದ. ಸಿಲ್ಕ್ ದಾರ ಕೊಟ್ಟು, ಮೇಜಿನ ಡ್ರಾಯರಿನ ಹಿಡಿಗೆ ಒಂದೇ ಕೈಯಲ್ಲಿ ಗಂಟು ಹಾಕಿ ತೋರಿಸು ಎಂದೆ. ಬೆರಳುಗಳಿಗೆ ದಾರದ ಪರಿಚಯವೇ ಇರಲಿಲ್ಲ. ಎರಡು ಸಲ ಜಾರಿತು, ಮೂರನೆಯ ಸಲ ಹಾಕಿದ್ದು ಎಳೆದರೆ ಬಿಚ್ಚಿಬಂತು. ‘ಸರ್, ನಮ್ಮಲ್ಲಿ ಕೇಸು ಬರೋದೇ ಇಲ್ಲ’ ಎಂದ, ಬೇರೆಯವರಿಗೆ ಕೇಳಿಸದಂತೆ. ನಾಲ್ವರು ಪರೀಕ್ಷಕರ ಅಂಕ ಕೂಡಿದಾಗ ಹುಡುಗ ಪಾಸು. ಈಗ ಅವನು ಎಲ್ಲೋ ಒಂದು ತಾಲ್ಲೂಕು ಊರಿನಲ್ಲಿ ಸರ್ಜನ್. ಬೋರ್ಡಿನ ಮೇಲೆ ಎಂ.ಎಸ್. ಅಂತಲೇ ಇರುತ್ತದೆ. ಕಾಲೇಜಿನ ಹೆಸರನ್ನು ಯಾರೂ ನೋಡುವುದಿಲ್ಲ ಎನ್ನುತ್ತೀರಲ್ಲ, ಅದು ಪೂರ್ತಿ ನಿಜ. ಸಿಂಧನೂರಿನ ರೈತ ಡಾಕ್ಟರ ಲಾಗ್ ಬುಕ್ ತರಿಸಿ ನೋಡಿ ಆಪರೇಷನ್ನಿಗೆ ಮಲಗುವುದಿಲ್ಲ. ಆತ ನೋಡಲಾರ ಎಂಬ ಕಾರಣಕ್ಕೇ ನಾವು ಮೊದಲು ನೋಡಬೇಕಾದದ್ದು.

ಇಂಥ ಕಾಲೇಜುಗಳಿಗೆ ಅನುಮತಿ ಹೇಗೆ ಸಿಗುತ್ತದೆ ಎಂಬುದು ಗುಟ್ಟಾಗೇನೂ ಉಳಿದಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ ಅಧ್ಯಕ್ಷರೇ 2010ರಲ್ಲಿ ಲಂಚದ ಆರೋಪದಲ್ಲಿ ಬಂಧನಕ್ಕೊಳಗಾದರು, ಮಂಡಳಿ ವಿಸರ್ಜನೆಯಾಯಿತು, 2020ರಲ್ಲಿ ಅದರ ಜಾಗಕ್ಕೆ ಹೊಸ ಆಯೋಗ ಬಂತು. ಹೊಸ ಆಯೋಗವೇ 2022–23ರಲ್ಲಿ 246 ಕಾಲೇಜುಗಳನ್ನು ಪರಿಶೀಲಿಸಿ, ಹೆಚ್ಚಿನವುಗಳಲ್ಲಿ ಕಾಗದದ ಮೇಲಷ್ಟೇ ಇರುವ ಬೋಧಕರನ್ನೋ ಖಾಲಿ ಹುದ್ದೆಗಳನ್ನೋ ಕಂಡಿತು. 2025ರ ಜೂನ್ ಕೊನೆಯಲ್ಲಿ ಸಿ.ಬಿ.ಐ. ದಾಖಲಿಸಿದ ಪ್ರಕರಣದ ಆರೋಪ ಓದಿದರೆ ತಲೆ ತಿರುಗುತ್ತದೆ. ಇನ್‌ಸ್ಪೆಕ್ಷನ್ ದಿನಾಂಕ ಮೊದಲೇ ಸೋರಿಕೆ, ತಪಾಸಣೆಗೆ ಬಂದವರಿಗೆ ಲಂಚ, ಬಾಡಿಗೆ ಬೋಧಕರು, ಸುಳ್ಳು ರೋಗಿಗಳು, ಬೆರಳಚ್ಚಿನ ನಕಲು. ಲಂಚದ ಹಣದ ಜಾಡಿನಲ್ಲಿ ನಮ್ಮ ಬೆಂಗಳೂರಿನಲ್ಲೂ ಬಂಧನಗಳಾದವು. ಆರೋಪ ಕೋರ್ಟಿನಲ್ಲಿ ಸಾಬೀತಾಗಬೇಕು, ಸರಿ. ಆದರೆ ‘ಆಯೋಗ ಮಾನ್ಯತೆ ಕೊಟ್ಟಿದೆಯಲ್ಲ, ಸಾಕು’ ಎಂದು ಮಗನ ಮೂರು ವರ್ಷವನ್ನು ಬರೆದುಕೊಡುವ ಕಾಲ ಇದಲ್ಲ. ದುಡ್ಡಿನ ವಿಷಯವೂ ಅಷ್ಟೆ. ಸ್ಟೈಪೆಂಡಿನ ಬಗ್ಗೆ 2023ರಲ್ಲಿ ಆಯೋಗ ನಡೆಸಿದ ಸಮೀಕ್ಷೆಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡ 7,901 ಪಿ.ಜಿ.ಗಳಲ್ಲಿ 2,110 ಮಂದಿ ತಮಗೆ ಸ್ಟೈಪೆಂಡೇ ಬರುತ್ತಿಲ್ಲ ಎಂದರು. 427 ಮಂದಿ, ಖಾತೆಗೆ ಬಂದ ಹಣವನ್ನು ಕಾಲೇಜಿನವರು ವಾಪಸು ಕಿತ್ತುಕೊಳ್ಳುತ್ತಾರೆ ಎಂದರು.

‘ಹೋಗಿ ನೋಡಲಿ, ಸರಿಬರದಿದ್ದರೆ ಬಿಟ್ಟು ಬಂದರಾಯಿತು’ ಎನ್ನುವುದು ಈ ಪಕ್ಷದ ಕೊನೆಯ ಆಸರೆ. ಬಿಟ್ಟು ಬರಲು ಬಾಗಿಲೆಲ್ಲಿದೆ? ಮೂಲ ಅಂಕಪಟ್ಟಿಗಳು ಕಾಲೇಜಿನ ಬೀರುವಿನಲ್ಲಿ. ಸೀಟು ಬಿಟ್ಟರೆ ಲಕ್ಷಗಟ್ಟಲೆ ದಂಡ ಕಟ್ಟಬೇಕೆಂಬ ಬಾಂಡು. 2024ರ ಜನವರಿಯಲ್ಲಿ ಆಯೋಗ ರಾಜ್ಯಗಳಿಗೆ ಪತ್ರ ಬರೆದು ಈ ದಂಡ ಮಕ್ಕಳ ಮನಸ್ಸನ್ನು ಹಿಂಡುತ್ತಿದೆ, ಕೈಬಿಡಿ, ಬೇಕಿದ್ದರೆ ಒಂದು ವರ್ಷ ಕೌನ್ಸೆಲಿಂಗಿನಿಂದ ಹೊರಗಿಡಿ ಎಂದಿತು. ಪತ್ರ ಬರೆದರೆ ರಾಜ್ಯಗಳು ಕೇಳಲೇಬೇಕೆಂದಿಲ್ಲ. ಬೇರೆ ಕಾಲೇಜಿಗೆ ವರ್ಗವಾಗುವುದಂತೂ ಕನಸಿನ ಮಾತು, ಪಿ.ಜಿ. ವಿದ್ಯಾರ್ಥಿಗೆ ಯಾವ ಕಾರಣಕ್ಕೂ ವರ್ಗಾವಣೆಯಿಲ್ಲ ಎಂದು ನಿಯಮವೇ ಹೇಳುತ್ತದೆ. ಒಳಗೆ ಹೋಗಲು ಒಂದು ಕ್ಲಿಕ್, ಹೊರಗೆ ಬರಲು ಮನೆಯ ಮೇಲೆ ಸಾಲ.

ಇಲ್ಲಿ ಅಮೆರಿಕದ ಇನ್ನೊಂದು ಸಂಗತಿ ಹೇಳಬೇಕು, ನಮ್ಮ ಕಾಲೇಜುಗಳಿಂದ ಪ್ರತಿ ವರ್ಷ ಅಲ್ಲಿಗೆ ಹೋಗುವವರಿದ್ದಾರೆ. ಫಿಲಡೆಲ್ಫಿಯಾದ ಹಾನಮನ್ ಆಸ್ಪತ್ರೆಯನ್ನು 2018ರ ಜನವರಿಯಲ್ಲಿ ಹೂಡಿಕೆದಾರನೊಬ್ಬನ ಕಂಪನಿ ಕೊಂಡಿತು. ಮುಂದಿನ ವರ್ಷ ಜೂನ್ 26ರಂದು ಮುಚ್ಚುತ್ತೇವೆ ಎಂದಿತು, ತಿಂಗಳು ಮುಗಿಯುವಷ್ಟರಲ್ಲಿ ದಿವಾಳಿ ಅರ್ಜಿ ಹಾಕಿತು. 550ಕ್ಕೂ ಹೆಚ್ಚು ರೆಸಿಡೆಂಟ್ ಮತ್ತು ಫೆಲೋಗಳು ಬೀದಿಗೆ ಬಂದರು. ವೀಸಾದ ಮೇಲಿದ್ದ ವಿದೇಶಿ ವೈದ್ಯರಿಗೆ ಕೆಲಸದ ಜೊತೆ ದೇಶವೂ ಕೈತಪ್ಪುವ ಭಯ. ಅವರ ತರಬೇತಿ ಸ್ಥಾನಗಳನ್ನೇ ಹರಾಜಿಗಿಟ್ಟು 5.5 ಕೋಟಿ ಡಾಲರಿಗೆ ಕೂಗಿದರು, ಅಲ್ಲಿನ ಕೇಂದ್ರ ಸರ್ಕಾರ ತಕರಾರು ತೆಗೆಯಿತು. ಅಲ್ಲಿಯೂ ರಾಮರಾಜ್ಯವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಒಂದು ವ್ಯತ್ಯಾಸ. ಅಲ್ಲಿ ತರಬೇತಿಗೆ ಮಾನ್ಯತೆ ಕೊಡುವ ಸಂಸ್ಥೆ ಯಾವ ವಿಭಾಗಕ್ಕೆ ಎಚ್ಚರಿಕೆ ಕೊಟ್ಟಿದೆ, ಯಾವುದನ್ನು ಪ್ರೊಬೇಷನ್ನಿನಲ್ಲಿಟ್ಟಿದೆ, ಯಾವುದರ ಮಾನ್ಯತೆ ಕಿತ್ತಿದೆ ಎಂಬುದನ್ನು ಬಹಿರಂಗವಾಗಿ ಹಾಕುತ್ತದೆ. ಪ್ರೊಬೇಷನ್ನಿನಲ್ಲಿರುವ ವಿಭಾಗ ಅರ್ಜಿದಾರರಿಗೆ ಅದನ್ನು ತಿಳಿಸಲೇಬೇಕು. ಸೇರುವವನು ಕಣ್ಣು ತೆರೆದು ಸೇರುತ್ತಾನೆ, ಬಿಡುವವನೂ ಹಾಗೆಯೇ. ಹಾನಮನ್ನಿನಿಂದ ಹೊರಬಿದ್ದವರಿಗೆ ಬೇರೆ ಆಸ್ಪತ್ರೆಗಳಲ್ಲಿ ತರಬೇತಿ ಮುಂದುವರಿಸುವ ದಾರಿಯಾದರೂ ಇತ್ತು. ನಮ್ಮಲ್ಲಿ ‘ಎಲ್ಲ ಕಡೆ ಇದ್ದದ್ದೇ’ ಎಂಬ ವೇದಾಂತ ಹುಟ್ಟಿದ್ದು ಯಾವ ಕಡೆ ಏನಿದೆಯೆಂದು ಯಾರಿಗೂ ತಿಳಿಸದೆ ಇಟ್ಟದ್ದರಿಂದ.

ಹಾಗಾದರೆ ಕೆಟ್ಟ ಹೆಸರಿರುವ ಕಡೆ ಯಾರೂ ಸೇರಲೇಬಾರದೇ? ಹಾಗೆ ನಾನು ಹೇಳುತ್ತಿಲ್ಲ. ಕೆಟ್ಟ ಹೆಸರಿನಲ್ಲಿ ಎಷ್ಟೋ ಜೊಳ್ಳಿರುತ್ತದೆ. ಸೋರುವ ಹಾಸ್ಟೆಲು, ಎರಡು ತಿಂಗಳು ತಡವಾಗುವ ಸ್ಟೈಪೆಂಡು, ಮುಂಗೋಪಿ ಎಚ್‌ಒಡಿ, ನಾಲ್ಕು ಜನರ ಕೆಲಸಕ್ಕೆ ಇಬ್ಬರೇ ಪಿ.ಜಿ.ಗಳು, ಇವೆಲ್ಲ ಇದ್ದರೂ ರೋಗಿಗಳು ತುಂಬಿರುವ, ಕಲಿಸುವವರು ಇಬ್ಬರಾದರೂ ಇರುವ ವಿಭಾಗಕ್ಕೆ ಧೈರ್ಯವಾಗಿ ಸೇರಿ. ಕೈ ಪಳಗುತ್ತದೆ. ಬೋಧಕರು ಇನ್‌ಸ್ಪೆಕ್ಷನ್ ದಿನ ಮಾತ್ರ ಬರುವ ಕಡೆ, ವಾರ್ಡಿನ ಹಾಸಿಗೆಗಳ ಮೇಲೆ ಮಡಿಕೆ ಮುರಿಯದ ಹಾಸು ಇರುವ ಕಡೆ, ವರ್ಷಕ್ಕೊಬ್ಬರು ಬಿಟ್ಟು ಓಡುವ ಕಡೆ ಸೇರಬೇಡಿ, ನಿಮಗಿಷ್ಟದ ಬ್ರ್ಯಾಂಚೇ ಆದರೂ ಸೇರಬೇಡಿ. ಕಾಯಲಾಗದ ಮನೆಗಳಿವೆ, ಗೊತ್ತು. ಸಾಲದ ಮೇಲೆ ಓದಿಸಿದವರು, ಅಪ್ಪನಿಲ್ಲದವರು, ಹಿಂದೆ ತಂಗಿಯ ಮದುವೆ ಇರುವವರು. ಹೋದ ವರ್ಷ ಮತ್ತೆ ಬರುವುದಿಲ್ಲ ಎಂಬುದು ಅವರ ಮಟ್ಟಿಗೆ ಬರೀ ಮಾತಲ್ಲ. ಆದರೆ ಅವರಿಗೆ ಅರ್ಧದಲ್ಲಿ ಬಿಟ್ಟು ಬಂದು ದಂಡ ಕಟ್ಟುವ ಶಕ್ತಿ ಇನ್ನೂ ಕಡಿಮೆ. ವಿಚಾರಿಸದೆ ಸೇರುವ ಐಷಾರಾಮ ಉಳ್ಳವರಿಗೆ ಇರಬಹುದು, ಇವರಿಗಿಲ್ಲ.

ಕಾಯುವುದು, ಸೇರುವುದು ಎಂಬ ಎರಡೇ ದಾರಿ ಎಂದುಕೊಂಡಿರುವುದೂ ಒಂದು ಕುರುಡು. ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿ.ಎನ್.ಬಿ. ಎಂದರೆ ಇಂದಿಗೂ ನಮ್ಮವರು ಮೂಗು ಮುರಿಯುತ್ತಾರೆ. ಪರೀಕ್ಷೆ ಕಠಿಣ, ಪಾಸಾಗುವುದು ಕಷ್ಟ ಎಂಬುದೇ ದೂರು. ಗಂಟು ಹಾಕಲು ಬಾರದವನೂ ಪಾಸಾಗುವ ಪರೀಕ್ಷೆಗಿಂತ ಅದು ವಾಸಿಯಲ್ಲವೇ? ರೋಗಿಗಳು ಕಿಕ್ಕಿರಿದ ಜಿಲ್ಲಾ ಆಸ್ಪತ್ರೆಯಲ್ಲೋ ಹಳೆಯ ಮಿಷನ್ ಆಸ್ಪತ್ರೆಯಲ್ಲೋ ಸಿಗುವ ಡಿ.ಎನ್.ಬಿ. ಸೀಟು, ಹಣ ಚೆಲ್ಲಿ ಕೊಳ್ಳುವ ಎಂ.ಡಿ.ಗಿಂತ ನನ್ನ ಲೆಕ್ಕದಲ್ಲಿ ಮೇಲು. 2020ರ ನಂತರ ಅದೇ ಮಂಡಳಿ ಎರಡು ವರ್ಷದ ಡಿಪ್ಲೊಮಾಗಳನ್ನೂ ಶುರುಮಾಡಿದೆ.

ವಿಭಾಗ ಹೇಗಿದೆಯೆಂದು ತಿಳಿಯುವುದು ಅಂಥ ಬ್ರಹ್ಮವಿದ್ಯೆಯೂ ಅಲ್ಲ. ಆಪ್ಷನ್ ಎಂಟ್ರಿಗೆ ಮೊದಲು, ಇಡೀ ಕುಟುಂಬ ಕಾರು ಮಾಡಿಕೊಂಡು ಹೋಗಿ ಪ್ರಾಂಶುಪಾಲರ ಕೋಣೆಯಲ್ಲಿ ಕಾಫಿ ಕುಡಿದು ಬರಬೇಡಿ. ಮಗ ಒಬ್ಬನೇ ರಾತ್ರಿ ಹನ್ನೊಂದಕ್ಕೆ ಕ್ಯಾಶುಯಲ್ಟಿಯ ಹತ್ತಿರ ಹೋಗಿ ನಿಲ್ಲಲಿ. ಎರಡನೇ ವರ್ಷದ ಪಿ.ಜಿ. ಟೀ ಕುಡಿಯಲು ಹೊರಗೆ ಬರುತ್ತಾನೆ. ಮೊದಲ ವರ್ಷದವರು ಹೆದರಿರುತ್ತಾರೆ, ಮೂರನೆಯ ವರ್ಷದವರು ಪರೀಕ್ಷೆಯ ಚಿಂತೆಯಲ್ಲಿ ಎಲ್ಲ ಒಳ್ಳೆಯದೇ ಎನ್ನುತ್ತಾರೆ. ಎರಡನೆಯ ವರ್ಷದವನು ನಿಜ ಹೇಳುತ್ತಾನೆ. ಕಳೆದ ಮೂರು ಬ್ಯಾಚಿನಲ್ಲಿ ಎಷ್ಟು ಜನ ಬಿಟ್ಟುಹೋದರು ಎಂದು ಕೇಳಲಿ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಸ್ವಂತ ಕೈಯಿಂದ ಎಷ್ಟು ಸಿಸೇರಿಯನ್, ಎಷ್ಟು ಅಪೆಂಡಿಕ್ಸ್ ಆಗಿದೆಯೆಂದು ಕೇಳಲಿ. ರಾತ್ರಿ ಕರೆದರೆ ಅಸಿಸ್ಟೆಂಟ್ ಪ್ರೊಫೆಸರ್ ಬರುತ್ತಾರಾ, ಫೋನಿನಲ್ಲೇ ಮುಗಿಸುತ್ತಾರಾ ಎಂದು ಕೇಳಲಿ. ಈ ಕೊನೆಯ ಪ್ರಶ್ನೆಗೆ ಬರುವ ನಗುವನ್ನು ಗಮನಿಸಿದರೆ ಬೇರೆ ಏನೂ ಕೇಳಬೇಕಾಗುವುದಿಲ್ಲ.

ಆದರೆ ಇದು ಮಕ್ಕಳು ಟೀ ಅಂಗಡಿಯ ಮುಂದೆ ನಿಂತು ಪತ್ತೆಹಚ್ಚಬೇಕಾದ ಗುಟ್ಟಾಗಿರಬಾರದು. ಐದು ವರ್ಷದಲ್ಲಿ 1,006 ಮಂದಿ ಪಿ.ಜಿ. ಬಿಟ್ಟರು ಎಂದು ಆಯೋಗಕ್ಕೆ ಗೊತ್ತಿದೆಯೆಂದರೆ ಯಾವ ಕಾಲೇಜಿನ ಯಾವ ವಿಭಾಗದಿಂದ ಎಷ್ಟು ಮಂದಿ ಎಂಬುದನ್ನು ತರಿಸಿಕೊಳ್ಳುವುದು ಅದಕ್ಕೆ ಕಷ್ಟವಲ್ಲ. ಅದನ್ನು ಪ್ರತಿ ವರ್ಷ ಕೌನ್ಸೆಲಿಂಗಿಗೆ ಮೊದಲು, ಸೀಟು ಪಟ್ಟಿಯ ಪಕ್ಕದಲ್ಲೇ ಪ್ರಕಟಿಸಬೇಕು. ಒಳರೋಗಿಗಳ ಸಂಖ್ಯೆ, ಆಪರೇಷನ್ನುಗಳ ಸಂಖ್ಯೆ, ಪಾವತಿಯಾದ ಸ್ಟೈಪೆಂಡು, ಬಿಟ್ಟುಹೋದವರ ಸಂಖ್ಯೆ, ನಾಲ್ಕೇ ಅಂಕಣ. ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಶುಲ್ಕದ ಪಟ್ಟಿಯನ್ನು ಕರಾರುವಾಕ್ಕಾಗಿ ಹಾಕುತ್ತಾರೆ, ಇದನ್ನು ಹಾಕಲು ಅಡ್ಡಿಯೇನು? ಅವರು ತಾವಾಗಿ ಹಾಕುವವರೆಗೆ ತಂದೆತಾಯಂದಿರು ಕೇಳಿ ಪಡೆಯಬೇಕು. ಖಾಸಗಿ ಕಾಲೇಜು ಉತ್ತರಿಸಲಾರೆ ಎನ್ನಬಹುದು, ಆಯೋಗವೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಹಾಗೆನ್ನುವಂತಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗಿರುವ ಗಡುವು 30 ದಿನ. ಮಗಳು ನೀಟ್ ಬರೆಯುವ ತಿಂಗಳೇ ಅರ್ಜಿ ಹಾಕಿ.